ಗೌರಿಯ ಮುಖ ತೊಳೆದ ಕಾಕಾ

ನಾನು ಚಿಕ್ಕವನಿದ್ದಾಗ ಎಂದರೆ ನೀವು ನಗುತ್ತೀರಿ. ನನಗಿನ್ನೂ ನಲವತ್ತು ತುಂಬಿಲ್ಲ, ಮೀಸೆ ಕಪ್ಪಗೇ ಇದೆ. ಆದರೆ ನಿಮ್ಮ ಅಜ್ಜಿಯ ತಮ್ಮನಾಗಿ ಹುಟ್ಟಿದ ತಪ್ಪಿಗೆ ನಿಮ್ಮ ಬಾಯಲ್ಲಿ ಸಣ್ಣಜ್ಜನಾಗಿದ್ದೇನೆ. ಈಗ ಹೇಳುವುದೂ ಆ ಅಜ್ಜಿಯ ವಿಷಯವೇ. ನನಗೆ ಅವಳು ಅಕ್ಕ. ಆಗ ಅವಳಿಗೆ ಹದಿನೇಳು, ನನಗೆ ಹತ್ತು.

ಕೊಪ್ಪಳ ಆಗಷ್ಟೇ ಜಿಲ್ಲೆಯಾಗಿತ್ತು. ಹೊಸ ಜಿಲ್ಲೆ, ಹೊಸ ಕಚೇರಿ, ಹೊಸ ಕುರ್ಚಿಗಳು. ಅಂಥದೊಂದು ಕುರ್ಚಿ ಅಪ್ಪನ ತಮ್ಮನಿಗೆ, ಅಂದರೆ ನಮ್ಮ ಕಾಕಾನಿಗೂ ಸಿಕ್ಕಿತು. ಗುಮಾಸ್ತನ ಕುರ್ಚಿ. ಅದರ ಮೇಲೆ ಕೂತ ಆರು ತಿಂಗಳಲ್ಲಿ ಅವನಿಗೆ ನಮ್ಮ ಮನೆಯ ನೆಲ ಒರಟಾಯಿತು, ಬಾವಿಯ ನೀರು ಸೇರದಾಯಿತು, ನಾವೆಲ್ಲ ನಾರತೊಡಗಿದೆವು. ಊರಿಗೆ ಬಂದರೆ ಕಟ್ಟೆಯ ಮೇಲೆ ಕರವಸ್ತ್ರ ಹಾಸಿಯೇ ಕೂರುತ್ತಿದ್ದ. ಅದೇ ಕಟ್ಟೆಯ ಮೇಲೆ ಚಡ್ಡಿಯಿಲ್ಲದೆ ಹೊರಳಾಡಿ ಬೆಳೆದವನು!

ನಮ್ಮೂರು ಕಟ್ಟಿಗೆ ಗೊಂಬೆಗೆ ಹೆಸರಾದ ಕಿನ್ನಾಳದಿಂದ ಒಂದು ತಾಸಿನ ನಡಿಗೆ. ಮನೆಯಲ್ಲಿ ತೊಳೆಯುವ, ಬೆಳಗುವ ಸಾಮಾನನ್ನೆಲ್ಲ ಅಕ್ಕನೇ ತಯಾರಿಸುತ್ತಿದ್ದಳು. ಸಗಣಿ ತಟ್ಟಿ ಒಣಗಿಸಿದ ಕುಳ್ಳನ್ನು ಸುಟ್ಟ ಬೂದಿಯನ್ನು ಹಳೆಯ ಧೋತರದಲ್ಲಿ ಸೋಸಿದರೆ ಅದು ಹಿಟ್ಟಿನಷ್ಟು ನುಣ್ಣಗಾಗುತ್ತಿತ್ತು. ಅಂಟವಾಳ ಕಾಯಿಯನ್ನು ಬಿಸಿಲಿಗೆ ಒಣಗಿಸಿ ಒರಳಲ್ಲಿ ಕುಟ್ಟುವಾಗ ಘಾಟು ಮೂಗಿಗೇರಿ ಇಬ್ಬರೂ ಸೀನುತ್ತಿದ್ದೆವು. ಬಟ್ಟೆ ಒಗೆಯಲು ಹಳ್ಳದ ದಂಡೆಯಿಂದ ಬೆಳ್ಳನೆಯ ಸವಳು ಮಣ್ಣು ಕೆರೆದು ತರುತ್ತಿದ್ದಳು. ಹುಣಸೆಹಣ್ಣು, ಉಪ್ಪು ಹಚ್ಚಿ ಉಜ್ಜಿದ ತಾಮ್ರದ ಹಂಡೆಯಲ್ಲಿ ನನ್ನ ಮುಖ ಕುಂಬಳಕಾಯಿಯಂತೆ ಉಬ್ಬಿ ಕಾಣುತ್ತಿತ್ತು.

ಗೋಡೆಯ ಗೂಡಿನಂಥ ದೇವರ ಮಾಡದಲ್ಲಿ ಕಿನ್ನಾಳದ ಕಟ್ಟಿಗೆಯ ಗೌರಿಯಿದ್ದಳು. ನನ್ನ ಅಜ್ಜಿ, ಅಂದರೆ ಅಪ್ಪನ ತಾಯಿ, ಮದುವೆಯಾಗಿ ಬಂದಾಗ ತಂದದ್ದು. ಹಳದಿ ಮುಖ, ಕೆಂಪು ಸೀರೆ, ಕೆಳಗೆ ನೋಡುವ ಕಣ್ಣು. ಗೌರಿ ಹುಣ್ಣಿಮೆಗೆ ಓಣಿಯ ಹೆಣ್ಣುಮಕ್ಕಳೆಲ್ಲ ಸಕ್ಕರೆ ಆರತಿ ಹಿಡಿದು ಅವಳ ಮುಂದೆಯೇ ಬರುತ್ತಿದ್ದರು. ದೀಪದ ಮಸಿ ಹತ್ತಿದಾಗ ಅಕ್ಕ ಅವಳಿಗೆ ನೀರು ತಾಗಿಸುತ್ತಿರಲಿಲ್ಲ. ಗೋಧಿಹಿಟ್ಟಿನ ಗಟ್ಟಿ ಕಣಕ ನಾದಿ, ಉಂಡೆ ಮಾಡಿ, ಮುಖದ ಮೇಲೆ ಮೆಲ್ಲಗೆ ಒತ್ತಿ ಎತ್ತುತ್ತಿದ್ದಳು. ಉಂಡೆ ಕಪ್ಪಾಗುತ್ತಿತ್ತು, ಗೌರಿ ಬೆಳ್ಳಗಾಗುತ್ತಿದ್ದಳು. ಅಜ್ಜಿ ಕಲಿಸಿದ ಕೆಲಸ.

ಒಂದು ಭಾನುವಾರ ಕಾಕಾನ ಸಾಹೇಬರು ನಮ್ಮೂರ ಕಡೆ ಬರುವವರಿದ್ದರು. ಊಟ ನಮ್ಮ ಮನೆಯಲ್ಲೇ ಎಂದು ನಮ್ಮನ್ನು ಕೇಳದೆಯೇ ಕಾಕಾ ಒಪ್ಪಿಕೊಂಡಿದ್ದ. ಮುಂಜಾನೆಯ ಮೊದಲ ಬಸ್ಸಿಗೆ ಚೀಲದ ತುಂಬ ಬಾಟಲಿ, ಪುಡಿ, ಬ್ರಷ್ಷು ಹೊತ್ತು ಬಂದ. ಅಪ್ಪ ಹೊಲಕ್ಕೆ ಹೋಗಿದ್ದ, ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕಾಕಾ ಅಕ್ಕನ ಬೂದಿಯ ಡಬ್ಬಿಯನ್ನು ಎರಡು ಬೆರಳಲ್ಲಿ ಎತ್ತಿ, ಸತ್ತ ಇಲಿಯನ್ನು ಎಸೆಯುವಂತೆ ತಿಪ್ಪೆಗೆ ಎಸೆದ. ಅಕ್ಕ ಕಣಕದ ಉಂಡೆ ಹಿಡಿದು ಗೌರಿಯ ಮುಂದೆ ಕೂತಿದ್ದು ಕಂಡು ಅವನಿಗೆ ನಗು ತಡೆಯಲಾಗಲಿಲ್ಲ.

“ತಿನ್ನೋ ಹಿಟ್ಟಿನಿಂದ ದೇವ್ರ ಮಾರಿ ಒರಸ್ತಾರೇನು? ಸಾಹೇಬ್ರು ನೋಡಿದ್ರ ಏನಂದಾರು? ಕಾಡು ಮಂದಿ ಅಂದಾರು.”

“ಅದು ಕಟಗಿ ಐತ್ರಿ ಕಾಕಾ. ನೀರು ಹಾಕಬ್ಯಾಡ್ರಿ,” ಎಂದಳು ಅಕ್ಕ.

ಅವಳಿಗೇನು ತಿಳಿಯುತ್ತದೆ ಎಂಬಂತೆ ಕೈ ಬೀಸಿ, ಬಾವಿಯಿಂದ ಎರಡು ಕೊಡ ನೀರು ತರಲು ಅಟ್ಟಿದ. ಅವಳು ಹೋದದ್ದೇ ತಡ, ಗೌರಿಯನ್ನು ಬಚ್ಚಲಿಗೆ ಒಯ್ದ. ನನ್ನ ಕೈಗೆ ಒಂದು ಪೆಪ್ಪರಮಿಂಟು ಕೊಟ್ಟು ಹಂಡೆಯ ಬಿಸಿನೀರು ಸುರಿಯಲು ಹೇಳಿದ. ನಾನು ಸುರಿದೆ. ಅವನು ನಿಂಬೆಹಣ್ಣಿನ ಚಿತ್ರವಿದ್ದ ಬಾಟಲಿಯಿಂದ ಹಸಿರು ದ್ರವ ಹಾಕಿ ಬ್ರಷ್ಷಿನಿಂದ ಗಸಗಸ ತಿಕ್ಕಿದ. ಮೊದಲು ಬಿಳಿ ನೊರೆ ಬಂತು, ಆಮೇಲೆ ಹಳದಿ, ಆಮೇಲೆ ಕೆಂಪು. ಬಚ್ಚಲ ತೂಬಿನಲ್ಲಿ ಗೌರಿಯ ಸೀರೆ ಹರಿದು ಹೋಯಿತು. ನೊರೆ ಇಳಿದಾಗ ಅವಳಿಗೆ ಹುಬ್ಬಿರಲಿಲ್ಲ, ಒಂದು ಕಣ್ಣಿರಲಿಲ್ಲ, ಗಲ್ಲದ ಮೇಲೆ ಬರಿ ಕಟ್ಟಿಗೆ ಕಾಣುತ್ತಿತ್ತು.

ಕಾಕಾ ಬಾಟಲಿಯ ಮುಚ್ಚಳ ಬಿಗಿದ. ಆಮೇಲೆ ಅವಳನ್ನು ಮಾಡದಲ್ಲಿಟ್ಟು, ಕೈ ಒರೆಸಿಕೊಂಡು, ಕಟ್ಟೆಯ ಮೇಲೆ ಕರವಸ್ತ್ರ ಹಾಸಿ ಕೂತ.

ಅಪ್ಪ ಹೊಲದಿಂದ ಬಂದು ಕೈಮುಗಿಯಲು ಹೋದವನು ಅಲ್ಲೇ ನಿಂತುಬಿಟ್ಟ. ಕಾಕಾ ಒಳಗೆ ಬಂದು, ತಾನೂ ಈಗಲೇ ನೋಡಿದವನಂತೆ ಲೊಚಗುಟ್ಟಿ, ಹುಡುಗಿ ಬೂದಿ ಹಚ್ಚಿ ತಿಕ್ಕಿರಬೇಕು, ಬೂದಿ ಬೇಡವೆಂದು ತಾನು ಮುಂಜಾನೆಯೇ ಹೇಳಿದ್ದೆ ಎಂದ. ನೀರು ಹೊತ್ತು ಬಂದ ಅಕ್ಕ ಇದನ್ನೆಲ್ಲ ಬಾಗಿಲಲ್ಲಿ ನಿಂತು ಕೇಳಿದಳು. ಅಪ್ಪ ಅವಳಿಗೆ ಎಂದೂ ಆಡದ ಮಾತು ಆಡಿದ. ಈ ಕೈ ಯಾರ ಮನೆಗೆ ಹೋದರೂ ಆ ಮನೆ ಹಾಳು ಎಂದ.

ಅಕ್ಕ ನನ್ನ ಕಡೆ ನೋಡಿದಳು. ನನ್ನ ಬಾಯಲ್ಲಿ ಪೆಪ್ಪರಮಿಂಟು ಇನ್ನೂ ಕರಗಿರಲಿಲ್ಲ. ನಾನು ನೆಲ ನೋಡಿದೆ. ಕಾಕಾ ಹೇಡಿ ಎಂದು ನಿಮಗೆ ಹೇಳುವಾಗ ಇದನ್ನು ಬಿಟ್ಟು ಹೇಳಲಾರೆ, ಆ ಹೊತ್ತಿಗೆ ಅಲ್ಲಿ ಇಬ್ಬರು ಹೇಡಿಗಳಿದ್ದೆವು.

ಅಕ್ಕ ಅಳಲಿಲ್ಲ. ಕೊಡ ಇಳಿಸಿ, ಗೌರಿಯನ್ನು ಎತ್ತಿ ಅಪ್ಪನ ಮುಖದ ಹತ್ತಿರ ಹಿಡಿದಳು.

“ಬೂದಿ ಹಚ್ಚಿದ್ರ ಬೂದಿ ವಾಸನಿ ಬರತೈತಿ. ಮೂಸಿ ನೋಡಪಾ.”

ಅಪ್ಪ ಮೂಸಿದ. ಯಾವ ನಿಂಬೆಗಿಡದಲ್ಲೂ ಬಿಡದ ಆ ಪೇಟೆಯ ನಿಂಬೆ ವಾಸನೆ. ಅಪ್ಪ ಕಾಕಾನ ಕಡೆ ತಿರುಗಿದ. ಅವಳೇ ತನ್ನ ಬಾಟಲಿ ಕದ್ದಿರಬೇಕು ಎಂದು ಕಾಕಾ ತೊದಲಿದ. ಕದ್ದಿರಬೇಕು ಎಂಬ ಮಾತಿಗೆ ನಾನು ಪೆಪ್ಪರಮಿಂಟು ಉಗಿದೆ.

“ಕಾಕಾನೇ ತಿಕ್ಕ್ಯಾನ. ನೀರು ನಾ ಹಾಕೇನಿ,” ಎಂದೆ.

ಒಲೆಯ ಮುಂದಿನಿಂದ ಅವ್ವ ಎದ್ದು ಬಂದು, ಕಾಕಾನ ಬಾಟಲಿಗಳನ್ನು ಒಂದೊಂದಾಗಿ ಅವನ ಚೀಲಕ್ಕೆ ತುಂಬಿ ಹೊರಗಿನ ಕಟ್ಟೆಯ ಮೇಲಿಟ್ಟಳು.

ಮಧ್ಯಾಹ್ನ ಸಾಹೇಬರು ಜೀಪಿನಲ್ಲಿ ಬಂದರು. ಮನೆಗೆ ಬಂದವರಿಗೆ ಊಟ ತಪ್ಪಿಸುವ ಮನೆ ನಮ್ಮದಲ್ಲ. ಅವರು ತಾಟಿನಿಂದ ತಲೆ ಎತ್ತದೆ ನಾಲ್ಕು ರೊಟ್ಟಿ ತಿಂದರು, ಶೇಂಗಾ ಚಟ್ನಿ ಎರಡು ಸಲ ಹಾಕಿಸಿಕೊಂಡರು, ತೇಗಿ ಹೊರಟರು. ನೆಲ ನೋಡಲಿಲ್ಲ, ಹಂಡೆ ನೋಡಲಿಲ್ಲ, ದೇವರ ಮಾಡ ಯಾವ ದಿಕ್ಕಿಗಿದೆ ಎಂಬುದೂ ಅವರಿಗೆ ತಿಳಿಯಲಿಲ್ಲ. ಕಾಕಾ ಜೀಪಿನ ಹಿಂದೆ ಹತ್ತಿ, ಚೀಲ ತಬ್ಬಿಕೊಂಡು ಹೋದ. ಇಂಥ ಒಂದು ತೇಗಿಗಾಗಿ ಅವನು ತನ್ನ ತಾಯಿಯ ಗೌರಿಯನ್ನು ತಿಕ್ಕಿ ಹಾಕಿದ್ದ.

ಮರುದಿನ ಅಪ್ಪ, ಅಕ್ಕ, ನಾನು ಗೌರಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಕಿನ್ನಾಳಕ್ಕೆ ನಡೆದೆವು. ಗೊಂಬೆ ಮಾಡುವ ಮುದುಕರು ಅವಳನ್ನು ತಿರುಗಿಸಿ, ಉಗುರಿನಿಂದ ಒತ್ತಿ ನೋಡಿದರು. ಉಳಿದ ಬಣ್ಣವನ್ನೂ ತೆಗೆದು, ಹುಣಸೆಬೀಜದ ಅಂಟಿನಿಂದ ಎಲ್ಲ ಹೊಸದಾಗಿ ಕಟ್ಟಬೇಕು ಎಂದರು. ಇಷ್ಟು ವರ್ಷ ಒರೆಸುತ್ತಿದ್ದವರು ಯಾರು ಎಂದು ಕೇಳಿದರು. ಅಕ್ಕ ಕಣಕದ ವಿಷಯ ಹೇಳಿದಳು.

“ಇದು ನಮ್ಮಪ್ಪನ ಕೈಕೆಲಸ ಐತಿ,” ಎಂದರು ಮುದುಕರು. “ನೀ ಹಂಗ ನೋಡ್ಕೊಂಡಿದ್ದಕ್ಕ ಇಷ್ಟು ದಿನ ಉಳದಿತ್ತವಾ.”

ಅಪ್ಪ ಅದನ್ನು ಕೇಳಿಸಿಕೊಂಡ. ತಪ್ಪಾಯಿತು ಎನ್ನುವ ಮಾತು ಅಪ್ಪನಿಗೆ ಬರುತ್ತಿರಲಿಲ್ಲ. ಆ ವಾರ ಹಳ್ಳದಿಂದ ಒಂದು ಬುಟ್ಟಿ ಸವಳು ತಾನೇ ಹೊತ್ತು ತಂದು ಅಕ್ಕನ ಮುಂದೆ ಇಳಿಸಿದ. ಹುಣ್ಣಿಮೆಗೆ ಗೌರಿ ಮನೆಗೆ ಬಂದಳು. ಚೆಂದವೇ ಇದ್ದಳು. ಆದರೆ ಅಜ್ಜಿಯ ಗೌರಿ ಕೆಳಗೆ ನೋಡುತ್ತಿದ್ದಳು, ಇವಳು ನೆಟ್ಟಗೆ ನೋಡುತ್ತಾಳೆ.

ಈಗ ಗಂಗಾವತಿಯ ನಿಮ್ಮ ಮನೆ ನೋಡಿ. ನೆಲಕ್ಕೊಂದು ಬಾಟಲಿ, ಗಾಜಿಗೊಂದು, ಕೈಗೊಂದು, ಆ ಬಾಟಲಿ ಇಡುವ ಕಪಾಟು ಒರೆಸಲು ಮತ್ತೊಂದು. ಯಾವುದರೊಳಗೆ ಏನಿದೆ ಎಂದು ನಿಮ್ಮ ಮನೆಯ ಒಬ್ಬರಿಗೂ ಗೊತ್ತಿಲ್ಲ. ಇದು ಸಾಲದೆಂದು ನಿಮ್ಮ ಅಮ್ಮ ಮೊನ್ನೆ ಮೊಬೈಲಿನಲ್ಲಿ ಪಾತ್ರೆ ತಿಕ್ಕುವ ‘ಶುದ್ಧ ನೈಸರ್ಗಿಕ ಬೂದಿ’ ತರಿಸಿದಳು. ಡಬ್ಬದೊಳಗೆ ಡಬ್ಬ, ಅದರೊಳಗೆ ಪ್ಲಾಸ್ಟಿಕ್ಕು, ಅದರೊಳಗೆ ಒಂದು ಹಿಡಿ ಬೂದಿ. ಅಕ್ಕ ಅದನ್ನು ಬೆರಳಲ್ಲಿ ಉಜ್ಜಿ ನೋಡಿ, ಹರಳು ಐತಿ ಎಂದು ಬದಿಗೆ ಸರಿಸಿದಳು. ನೀವೆಲ್ಲ ಒತ್ತಿದರೆ ಪಟಪಟ ಒಡೆಯುವ ಆ ಗುಳ್ಳೆ ಪ್ಲಾಸ್ಟಿಕ್ಕಿಗಾಗಿ ಜಗಳವಾಡುತ್ತಿದ್ದಿರಿ. ಬೂದಿ ಎಲ್ಲಿಂದ ಬರುತ್ತದೆ ಎಂದು ನಾನು ಕೇಳಿದೆ. ನಿಮ್ಮಲ್ಲಿ ದೊಡ್ಡವಳು ತಲೆ ಎತ್ತದೆ ಹೇಳಿದಳು:

“ಕಂಪನ್ಯಾಗ ಮಾಡ್ತಾರ.”

ನಾನು ನಕ್ಕೆ. ಅಕ್ಕ ನಗಲಿಲ್ಲ. ಎದ್ದು ಹೊರಗೆ ಹೋಗಿ, ಆ ಬಡಾವಣೆಯ ಸಿಮೆಂಟು ರಸ್ತೆಯ ಆ ತುದಿ ಈ ತುದಿ ನೋಡಿದಳು. ನಿಮ್ಮೆದುರು ಸುಟ್ಟು ತೋರಿಸೋಣವೆಂದರೆ ಅಲ್ಲೆಲ್ಲೂ ಒಂದು ಕುಳ್ಳು ಸಿಗಲಿಲ್ಲ.