ಬಸ್ಸದು ಬಂದಿತು ಬೇಗನೆ

ನನ್ನ ತಂಗಿಯ ಮಗಳು ಪ್ರತಿಮಾ ಒಂದು ಪದ್ಯ ಬರೆದಳು. ನಾನು ಅದನ್ನು ತಿದ್ದಿ ಹಾಳು ಮಾಡಿದೆ. ಈ ವಾರದ ವಿಷಯ ಇಷ್ಟೇ.

ಆಕೆ ತಲ್ಲೂರಿನಿಂದ ಬ್ರಹ್ಮಾವರದ ಬಟ್ಟೆ ಅಂಗಡಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವವಳು. ಪದ್ಯವೂ ಬಸ್ಸಿನದ್ದೇ. ಬೈಂದೂರಿನ ಕವಿಗೋಷ್ಠಿಯಲ್ಲಿ ಓದಲು ಮೊದಲ ಸಲ ಚಾನ್ಸ್ ಸಿಕ್ಕಿತ್ತು. ‘ಒಂದ್ಸಲ ಕಾಣಿ ಮಾವ’ ಎಂದು ವಾಟ್ಸಾಪಿಗೆ ಹಾಕಿದಳು.

ಬಸ್ ಬಂತ್, ಹತ್ ಹತ್
ಸೀಟ್ ಇಲ್ಲ, ನಿಲ್ ನಿಲ್

ಇದೆಂಥ ಪದ್ಯ? ವೇದಿಕೆಯ ಮೇಲೆ ಕುಂದಾಪ್ರ ಕನ್ನಡವೇ? (ನಮ್ಮ ಕಡೆಯವರಿಗೆ ಈ ಕಾಯಿಲೆ ಇದೆ. ಮನೆಯಲ್ಲೊಂದು ಮಾತು, ಮೈಕ್ ಕಂಡರೆ ಇನ್ನೊಂದು.) ಪೆನ್ನು ಹಿಡಿದು ಕೂತೆ. ಲಘು, ಗುರು ಹಾಕಿ, ನಾಲ್ಕು ನಾಲ್ಕು ಮಾತ್ರೆಯ ಗಣ ಕೂಡಿಸಿದೆ.

ಬಸ್ಸದು ಬಂದಿತು ಬೇಗನೆ ಹತ್ತಿರಿ
ಆಸನವಿಲ್ಲವು ನಿಂತೇ ಸಾಗಿರಿ

ಬೇಕಾದರೆ ಎಣಿಸಿ ನೋಡಿ, ಒಂದು ಮಾತ್ರೆಯೂ ಹೆಚ್ಚುಕಡಿಮೆ ಇಲ್ಲ.

‘ಮಾವ, ಇದ್ ನಂಗ್ ಹೇಳುಕೆ ಬತ್ತಿಲ್ಲ’ ಎಂದಳು.

‘ಎಂತ ಆತಿಲ್ಲ, ಪ್ರಾಕ್ಟೀಸ್ ಮಾಡ್’ ಎಂದೆ.

ಭಾನುವಾರ ಅಂಗಡಿಯ ಗೆಳತಿಯರೂ ರಜೆ ಹಾಕಿ ಬಂದಿದ್ದರು. ಹಾಲ್ ಬಾಗಿಲಲ್ಲಿ ಪ್ರತಿಮಾ ನನ್ನ ಕೈ ಹಿಡಿದುಕೊಂಡಳು. ‘ಇವತ್ತ್ ಮರ್ಯಾದಿ ಹೋರೆ, ಇನ್ ಪದ್ಯದ ಸುದ್ದಿಗೇ ಹೋತಿಲ್ಲ ನಾನ್.’ ಮರ್ಯಾದೆ ಹೋದರೆ ಬರೆಯುವುದನ್ನೇ ಬಿಡುವವಳು, ತಮಾಷೆಗೆ ಹೇಳಿದ್ದಲ್ಲ ಅದು.

ಮೊದಲ ಸಾಲು ಓದಿದಳು. ಸಂಘದ ವಾರ್ಷಿಕ ವರದಿ ಓದಿದ ಹಾಗಿತ್ತು. ‘ಆಸನವಿಲ್ಲವು’ ಬರುವಾಗ ನಾಲಿಗೆ ತೊಡರಿ ನಿಂತೇಬಿಟ್ಟಳು. ಹಿಂದೆ ಯಾರೋ ನಕ್ಕರು. ನನಗೆ ಎದ್ದು ಹೊರಗೆ ಹೋಗಿಬಿಡೋಣ ಅನಿಸಿತು.

ಹುಡುಗಿ ಕಾಗದ ಮಡಚಿದಳು. ಬೆರಳಲ್ಲಿ ಮೇಜು ಕುಟ್ಟುತ್ತಾ ತನ್ನದನ್ನೇ ಶುರುಮಾಡಿದಳು. ಬಸ್ ಬಂತ್, ಹತ್ ಹತ್.

ಆಗ ಗೊತ್ತಾಯಿತು. ನಮ್ಮ ಬಾಯಿ ಪದದ ತಲೆಗೆ ಒತ್ತು ಕೊಟ್ಟು ಬಾಲವನ್ನು ನುಂಗುತ್ತದೆ. ನುಂಗಿದಲ್ಲಿ ಚೂರು ಖಾಲಿ ಉಳಿಯುತ್ತದೆ. ಒತ್ತು, ಖಾಲಿ, ಒತ್ತು, ಖಾಲಿ. ಪದ್ಯದ ಲಯ ಇದ್ದದ್ದೇ ಅಲ್ಲಿ. ನಾನು ಆ ಖಾಲಿಯಲ್ಲೆಲ್ಲ ‘ಅದು’, ‘ಇತು’, ‘ಅವು’ಗಳನ್ನು ತಂದು ಕೂರಿಸಿದ್ದೆ. ಮಾತ್ರೆ ಸರಿಯಿದ್ದರೆ ಲಯ ತಾನಾಗಿ ಬರುತ್ತದೆ ಎಂದು ನನಗೆ ಹೇಳಿದವರ‍್ಯಾರು?

ಮೂರನೇ ಸಾಲಿಗೆ ಹಾಲ್ ಪೂರ್ತಿ ಚಪ್ಪಾಳೆಯಲ್ಲಿ ತಾಳ ಹಾಕುತ್ತಿತ್ತು. ನಾನೂ ಹಾಕಿದೆ. ನಾಚಿಕೆಯಾಗಿತ್ತು, ಅದಕ್ಕಿಂತ ಜಾಸ್ತಿ ಖುಷಿಯಾಗಿತ್ತು.

ಕೆಳಗಿಳಿದು ಬಂದು ಪಕ್ಕದಲ್ಲಿ ಕೂತು ನೀರು ಕುಡಿದಳು.

‘ಇನ್ನೊಂದ್ ಬರ್ದಿದ್ದೆ ಮಾವ. ತೋರ್ಸುದಿಲ್ಲ. ಹೇಳ್ತೆ, ಕೇಣಿ.’