ಸಿದ್ದೇಶರ ಗಿಟಾರಿಗೆ ಹೊಸ ಬಿರಡೆ

ಬೆಳಗಿನ ಐದೂಮುಕ್ಕಾಲು. ಮೈಸೂರಿನ ಕೆಸರೆಯ ಒಂದು ಮನೆಯ ತಾರಸಿಯಲ್ಲಿ ನೀರಿನ ಟ್ಯಾಂಕಿಗೆ ಒರಗಿ ಕೂತ ಸಿದ್ದೇಶ್, ಎಲೆಕ್ಟ್ರಿಕ್ ಗಿಟಾರಿನ ಮರಕ್ಕೆ ಕಿವಿ ಹಚ್ಚಿ ತಂತಿ ಮೀಟುತ್ತಿದ್ದಾರೆ. ಸ್ಪೀಕರ್ ಇಲ್ಲ. ವಿದ್ಯುತ್ ಇಲ್ಲದ ಎಲೆಕ್ಟ್ರಿಕ್ ಗಿಟಾರಿನ ಸದ್ದು ಸೊಳ್ಳೆಯದಕ್ಕಿಂತ ತುಸು ದೊಡ್ಡದು, ಅಷ್ಟೆ. ಕೆಳಮನೆಯ ಮಿಕ್ಸಿ ಶುರುವಾದರೆ ಅದೂ ಕೇಳುವುದಿಲ್ಲ. ಆಮೇಲೆ ಕಡಕೊಳಕ್ಕೆ ಹೋಗುವ ಕಾರ್ಖಾನೆಯ ಬಸ್ಸು ಹಿಡಿಯಬೇಕು.

"ರಾತ್ರಿ ಶ್ರುತಿ ಮಾಡಿ ಮಲಗ್ಸಿದ್ದೆ. ಬೆಳಗ್ಗೆನೂ ಅಲ್ಲೇ ನಿಂತದೆ," ಎನ್ನುತ್ತಾರೆ, ಪಕ್ಕದ ಮನೆಯ ನಾಯಿಯ ಬಗ್ಗೆ ಹೇಳುವಂತೆ ಅನುಮಾನದಿಂದ. "ನಂಗೆ ಇನ್ನೂ ನಂಬ್ಕೆ ಬಂದಿಲ್ಲ."

ಸಿದ್ದೇಶ್ ವಾರವೆಲ್ಲ ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡುವ ಫಿಟ್ಟರ್. ಮುಹೂರ್ತದ ದಿನಗಳಲ್ಲಿ ಲೋಕೇಶ್ ಎಂಬವರ ಆರ್ಕೆಸ್ಟ್ರಾದಲ್ಲಿ ಗಿಟಾರ್ ವಾದಕ. ಮೈಸೂರಿನ ಛತ್ರಗಳಲ್ಲಿ ಆರತಕ್ಷತೆಯ ಊಟ ಉಂಡವರೆಲ್ಲ ಇವರನ್ನು ಕೇಳಿದ್ದಾರೆ, ಯಾರೂ ನೋಡಿಲ್ಲ. ಜನ ನೋಡುವುದು ಹೆಣ್ಣು ಗಂಡನ್ನು, ಒಡವೆಯನ್ನು, ಊಟದ ಮನೆಯ ಬಾಗಿಲನ್ನು. ಫೋಟೋದವರು ಮಾತ್ರ ಇವರನ್ನು ಗುರುತಿಸುತ್ತಾರೆ, "ಅಣ್ಣ, ಸ್ವಲ್ಪ ಸೈಡಿಗೆ" ಎನ್ನಲು.

"ಮದುವೆ ವಿಡಿಯೋಗಳಲ್ಲಿ ನನ್ನ ಮೊಣಕೈ ಇದೆ ಸಾರ್. ಭಾಳ ಮದುವೇಲಿ ಬಂದದೆ. ಮುಖ ಒಂದ್ರಲ್ಲೂ ಇಲ್ಲ."

ಅವರ ಗಿಟಾರು ಅಗ್ಗದ್ದೂ ಅಲ್ಲ, ದುಬಾರಿಯದೂ ಅಲ್ಲ. ಮರ ಒಳ್ಳೆಯದು, ನಾದ ಒಳ್ಳೆಯದು. ಕಂಪನಿ ಕೈ ಬಿಗಿಹಿಡಿದದ್ದು ಲೋಹದಲ್ಲಿ. ತಂತಿ ಬಿಗಿಸುವ ಬಿರಡೆಗಳು, ಅಂದರೆ ಆರ್ಕೆಸ್ಟ್ರಾದವರು 'ಕೀ' ಎನ್ನುವ ಆರು ತಿರುಪುಗಳು, ವರ್ಷ ಕಳೆದಂತೆ ಸಡಿಲಾಗಿ, ವೇದಿಕೆಯ ದೀಪದ ಕಾವಿಗೆ ಮೆಲ್ಲಗೆ ಜಾರತೊಡಗಿದವು. ಹಾಡು ಹಾಡಿಗೂ ನಿಲ್ಲಿಸಿ ಬಿಗಿಸಲು ಲೋಕೇಶ್ ಬಿಡುವುದಿಲ್ಲ. ಎರಡು ಹಾಡಿನ ನಡುವೆ ಬಿಡುವು ಸಿಕ್ಕರೆ ಜನ ಊಟಕ್ಕೆ ಎದ್ದು ಹೋಗುತ್ತಾರೆ ಎಂಬುದು ಅವರ ಸಿದ್ಧಾಂತ.

ಸಿದ್ದೇಶ್ ಒಂದು ಉಪಾಯ ಕಂಡುಕೊಂಡಿದ್ದರು. ಹೆಚ್ಚು ಜಾರಿದ ತಂತಿಯನ್ನು ಮೇಲೆತ್ತುವ ಬದಲು ಉಳಿದ ಐದನ್ನು ಅದರ ಮಟ್ಟಕ್ಕೆ ಇಳಿಸುವುದು. ಇಳಿಸುವ ಕೆಲಸ ಬೇಗ ಮುಗಿಯುತ್ತದೆ. ಕೀಬೋರ್ಡಿನ ಚೈತನ್ಯ ಅದನ್ನು ಕೇಳಿ, ತನ್ನ ಸ್ವರ ಇಳಿಸುವ ಬಟನ್ ಒತ್ತಿ, ಅಷ್ಟೇ ಇಳಿಯುತ್ತಿದ್ದ. ಹೀಗೆ ಸಂಜೆ ಶುರುವಾದ ಆರ್ಕೆಸ್ಟ್ರಾ, ಕೊನೆಯ ಹಾಡಿನ ಹೊತ್ತಿಗೆ ಅರ್ಧ ಸ್ವರ ಕೆಳಗೆ ಬಂದು ಕೂತಿರುತ್ತಿತ್ತು. ಇಬ್ಬರೂ ಈ ಬಗ್ಗೆ ಒಂದು ಮಾತೂ ಆಡಿದವರಲ್ಲ. ಕಾರ್ಖಾನೆಯಲ್ಲೂ ಹೀಗೇ ಇರುತ್ತದೆ ಎನ್ನುತ್ತಾರೆ ಸಿದ್ದೇಶ್: "ಓಡ್ತಿರೋ ಮಿಷನ್‌ಗೆ ಕೈ ಹಾಕ್ಬಾರ್ದು."

ಆದರೆ ಕಳೆದ ವೈಶಾಖದ ಒಂದು ಆರತಕ್ಷತೆಯಲ್ಲಿ ಎರಡು ತಂತಿಗಳು ಹಾಡಿನ ನಡುವೆಯೇ ಒಟ್ಟಿಗೆ ಜಾರಿದವು. ಹುಡುಗಿಯ ಸೋದರಮಾವ ವೇದಿಕೆಯ ಹತ್ತಿರ ಬಂದು, ಬೆಕ್ಕೇನಾದರೂ ಸಿಕ್ಕಿಹಾಕಿಕೊಂಡಿದೆಯೇ ಎಂದು ಬಗ್ಗಿ ನೋಡಿದರು. ಅಂದು ಸಾಮಾನು ಕಟ್ಟುವಾಗ ಲೋಕೇಶ್ ತೀರ್ಪು ಕೊಟ್ಟರು: "ಇನ್ನೊಂದ್ಸಲ ಹಿಂಗಾದ್ರೆ ಗಿಟಾರು ಸೌಂಡ್ ಚೈತನ್ಯನೇ ಕೀಬೋರ್ಡ್‌ನಲ್ಲಿ ಕೊಡ್ತಾನೆ. ನೀನು ಊಟಕ್ಕೆ ಬಾ, ಬ್ಯಾಡ ಅನ್ನಲ್ಲ."

ಹದಿನೆಂಟನೇ ವಯಸ್ಸಿನಿಂದ ವೇದಿಕೆ ಹತ್ತುತ್ತ ಬಂದವನನ್ನು ಊಟಕ್ಕೆ ಮಾತ್ರ ಕರೆಯುವುದು ಸಣ್ಣ ಮಾತಲ್ಲ. ಸಿದ್ದೇಶ್ ಸಲಹೆ ಕೇಳುತ್ತ ಓಡಾಡಿದರು. ದೇವರಾಜ ಮೊಹಲ್ಲಾದಲ್ಲಿ ವಾದ್ಯದ ಅಂಗಡಿ ಇಟ್ಟಿರುವ ರಾಜೇಶ್, "ಗಿಟಾರೇ ಬದಲಾಯಿಸ್ಬೇಡಿ, ಕೀ ಬದಲಾಯಿಸಿ. ಆಳು ಗಟ್ಟಿಯಾಗವ್ನೆ, ಹಲ್ಲು ಅಲ್ಲಾಡ್ತಾವೆ ಅಷ್ಟೆ" ಎಂದರು. ಕಾರ್ಖಾನೆಯ ಗೆಳೆಯರು ಹಳೇ ಸ್ಕೂಟರಿಗೆ ಹೊಸ ಚಕ್ರ ಹಾಕಿದರೆ ಅದು ಕಾರಾಗುತ್ತದೆಯೇ ಎಂದು ಕೇಳಿದರು. ಹೆಂಡತಿ ಧರಣಿಯವರದು ಬೇರೆ ವಾದ.

"ಬಚ್ಚಲು ಮನೆ ಚಿಲಕ ಬಿದ್ದು ಎರಡು ವರ್ಷ ಆಯ್ತು. ಒಳಗೆ ಹೋದೋರು ಹಾಡ್ತಾ ಇರ್ಬೇಕು ನಮ್ಮನೇಲಿ. ಫಿಟ್ಟರ್ ಮನೆ ಕಣ್ರೀ ಇದು. ಗಿಟಾರಿಗೆ ಮಾತ್ರ ಹೊಸ ಕೀ."

ಹೊಸ ಬಿರಡೆಗಳು ಬಂದವು. ಅವನ್ನು ಕೂರಿಸುವ, ಗಿಟಾರಿನ ತಲೆಯ ತೂತುಗಳು ಒಂದು ಕೂದಲೆಳೆ ಕಿರಿದಾಗಿದ್ದವು. ಸಿದ್ದೇಶ್ ಗಿಟಾರನ್ನು ಗೋಣಿಚೀಲದಲ್ಲಿ ಸುತ್ತಿ ಕಡಕೊಳಕ್ಕೆ ಒಯ್ದು, ಊಟದ ಬಿಡುವಿನಲ್ಲಿ ಒಂದೊಂದೇ ತೂತನ್ನು ಕೈಯಿಂದ ಉಜ್ಜಿ ಅಗಲ ಮಾಡಿದರು. ಸೂಪರ್‌ವೈಸರ್ ಹಿಂದೆ ಬಂದು ನಿಂತು, ಯಾವ ಮಿಷನ್ನಿನ ಭಾಗ ಎಂದು ಕೇಳಿದರು. "ಶನಿವಾರದ ಮಿಷನ್ದು ಸಾರ್" ಎಂದರಂತೆ. ಅವರು ತಲೆಯಾಡಿಸಿ ಹೋದರಂತೆ.

ಮೊದಲ ಆರತಕ್ಷತೆಯಲ್ಲಿ ಗಿಟಾರು ಕದಲಲಿಲ್ಲ. ಲೋಕೇಶ್ ಡ್ರಮ್ಮಿನ ಹಿಂದಿನಿಂದ ಹೆಬ್ಬೆರಳು ತೋರಿಸಿದರು. ಎಲ್ಲ ಸರಿಯಾಗಿತ್ತು, ಕೊನೆಯ ಹಾಡಿನವರೆಗೆ.

ಕೊನೆಯ ಹಾಡು ಯಾವಾಗಲೂ ಮಂಗಳಮ್ಮನವರದು. ಅರವತ್ತರ ಹತ್ತಿರದ ಈ ಗಾಯಕಿ ತಂಡದ ಆಸ್ತಿ. ಆರ್ಕೆಸ್ಟ್ರಾ ಮಂದಿಯಲ್ಲಿ ಒಂದು ಮರ್ಯಾದೆಯಿದೆ. ಹಾಡನ್ನು ಅದರ ಮೂಲ ಸ್ಕೇಲಿನಲ್ಲೇ, ಅಂದರೆ ಮೊದಲು ರೆಕಾರ್ಡಾದ ಶ್ರುತಿಯಲ್ಲೇ ಹಾಡಬೇಕು. ಇಳಿಸಿ ಕೊಡಿ ಎಂದು ಕೇಳಿದವರಿಗೆ ವಯಸ್ಸಾಯಿತೆಂದು ಲೆಕ್ಕ. ಮಂಗಳಮ್ಮ ಎಂದೂ ಕೇಳಿದವರಲ್ಲ. ಮೈಕಿನಲ್ಲಿ "ಈಗ ಒರಿಜಿನಲ್ ಸ್ಕೇಲಿನಲ್ಲಿ" ಎಂದು ಘೋಷಿಸಿಯೇ ಶುರುಮಾಡುತ್ತಾರೆ. ಅಂದೂ ಘೋಷಿಸಿದರು. ಅಂದು ನಿಜವಾಗಿಯೂ ಒರಿಜಿನಲ್ ಸ್ಕೇಲೇ ಇತ್ತು. ಹಾಡಿನ ತುತ್ತತುದಿಯಲ್ಲಿ ಅವರ ದನಿ ಒಡೆದು ಎರಡಾಯಿತು.

ಮಂಗಳಮ್ಮ ಕೆಮ್ಮಿದರು. ತಪ್ಪು ಮೊದಲು ಐಸ್‌ಕ್ರೀಮಿನ ಮೇಲೆ, ಆಮೇಲೆ ವೇದಿಕೆಯ ಹೊಗೆಯ ಯಂತ್ರದ ಮೇಲೆ, ಕೊನೆಗೆ ಸೌಂಡಿನವನ ಮೇಲೆ ಬಿತ್ತು. ಮುಂದಿನ ಮದುವೆಯಲ್ಲಿ ಐಸ್‌ಕ್ರೀಮೂ ಇರಲಿಲ್ಲ, ಹೊಗೆಯೂ ಇರಲಿಲ್ಲ. ದನಿ ಅಲ್ಲೇ ಒಡೆಯಿತು. ಲೋಕೇಶ್, ಹೊಸ ಗಾಯಕಿ ಹುಡುಕಬೇಕೇನೋ ಎಂದು ಗೊಣಗಿದರು.

ವಿಷಯ ಮೊದಲು ಹೊಳೆದದ್ದು ಚೈತನ್ಯನಿಗೆ. "ಅಣ್ಣ, ಇಷ್ಟು ವರ್ಷ ಅಕ್ಕನ್ನ ದಾಟ್ಸಿದ್ದು ನಿನ್ನ ಲಡಾಸು ಕೀ," ಎಂದ. "ನೀನು ಅರ್ಧ ಸ್ವರ ಜಾರ್ತಿದ್ದೆ, ನಾನು ಜಾರ್ತಿದ್ದೆ, ಅವ್ರು ಮೇಲಕ್ಕೆ ಹೋದೆ ಅಂದ್ಕೋತಿದ್ರು."

ಮಂಗಳಮ್ಮನವರೂ ದಡ್ಡರಲ್ಲ. ಒಂದು ಭಾನುವಾರ ಕೆಸರೆಗೆ ಬಂದು, ಕಾಫಿ ಕುಡಿದು, ಗೋಡೆಗೆ ಒರಗಿಸಿದ್ದ ಗಿಟಾರಿನ ತಲೆ ಮುಟ್ಟಿ ನೋಡಿ, "ಹಳೇದೇ ಲಕ್ಷಣವಾಗಿತ್ತು ಕಣಪ್ಪ" ಎಂದರು. ಅದಕ್ಕಿಂತ ಹೆಚ್ಚು ಹೇಳುವುದು ಅವರಿಗೆ ಸಾಧ್ಯವಿರಲಿಲ್ಲ.

ಸಿದ್ದೇಶ್ ಎರಡು ದಿನ ತಲೆಕೆಡಿಸಿಕೊಂಡರು. ಹಳೆಯ ಬಿರಡೆ ಹಾಕಿದರೆ ತಮ್ಮ ಜಾಗ ಹೋಗುತ್ತದೆ. ಹೊಸದೇ ಇದ್ದರೆ ಮಂಗಳಮ್ಮನವರದು ಹೋಗುತ್ತದೆ. ಮನೆಯಲ್ಲಿ ಇದು ಗೊತ್ತಾಗಿ ಧರಣಿಯವರು ಅಂದ ಮಾತೇ ದಾರಿ ತೋರಿಸಿತು: "ತಿರುಗೋಕೆ ತಾನೆ ಕೀ ಇರೋದು? ತಿರುಗ್ಸಿ."

ಈಗ ಕೊನೆಯ ಹಾಡಿನ ಮೊದಲು ನಿರೂಪಕಿ ಭವ್ಯಶ್ರೀ ಒಂದು ಜೋಕು ಹೇಳುತ್ತಾರೆ. ಜೋಕು ಹಳೆಯದು, ಉದ್ದದ್ದು, ಬೇಕೆಂದೇ ಹಾಗೆ. ಅದು ಮುಗಿಯುವಷ್ಟರಲ್ಲಿ ಸಿದ್ದೇಶ್ ಜನರಿಗೆ ಬೆನ್ನು ಮಾಡಿ ಆರೂ ತಂತಿಗಳನ್ನು ಅರ್ಧ ಸ್ವರ ಇಳಿಸುತ್ತಾರೆ. ಚೈತನ್ಯ ಬಟನ್ ಒತ್ತುತ್ತಾನೆ. ಮಂಗಳಮ್ಮ "ಒರಿಜಿನಲ್ ಸ್ಕೇಲಿನಲ್ಲಿ" ಎನ್ನುತ್ತಾರೆ. ತುದಿ ಸಿಗುತ್ತದೆ. ಲೋಕೇಶರಿಗೆ ಹೇಳಿದ್ದಾರೆ, ಅವರ ಷರತ್ತು ಒಂದೇ, ಜೋಕು ಬದಲಾಯಿಸಬೇಕು.

ಇದನ್ನೆಲ್ಲ ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಕೇಳಿದಾಗ ಮಂಗಳಮ್ಮ ಸ್ವಲ್ಪ ಹೊತ್ತು ಸೆರಗು ಸರಿಮಾಡಿಕೊಂಡರು. "ಬರ್ಕೊಳ್ಳಿ. ಮದುವೆ ಮನೇಲಿ ಯಾರು ಪೇಪರ್ ಓದ್ತಾರೆ? ವಯಸ್ಸು ಮಾತ್ರ ಹಾಕ್ಬೇಡಿ, 'ಅರವತ್ತರ ಹತ್ತಿರ' ಅನ್ನಿ."

ತಾರಸಿಯ ಮೇಲೆ ಬಿಸಿಲು ಬಂದಿದೆ. ಕೆಳಗೆ ಮಿಕ್ಸಿ ಶುರುವಾಗಿದೆ. ಸಿದ್ದೇಶ್ ಗಿಟಾರಿನ ತಂತಿ ಒರೆಸಿ ಚೀಲಕ್ಕೆ ಇಳಿಸುತ್ತಾರೆ. ಅಷ್ಟು ಒದ್ದಾಡಿ ಹೊಸ ಬಿರಡೆ ಹಾಕಿದ್ದು ದಂಡವಾಯಿತು ಅನ್ನಿಸುವುದಿಲ್ಲವೇ ಎಂದರೆ ಇಲ್ಲವೆಂದು ತಲೆಯಾಡಿಸುತ್ತಾರೆ.

"ಮೊದ್ಲು ಅದು ಜಾರ್ತಿತ್ತು, ನಾನು ಹಿಂದೆ ಓಡ್ತಿದ್ದೆ. ಈಗ ಎಲ್ಲಿ ಇಳೀಬೇಕು ಅಂತ ನಾನು ಹೇಳ್ತೀನಿ, ಅದು ಇಳೀತದೆ. ಇಳಿದ ಮೇಲೆ ಅಲ್ಲೇ ನಿಲ್ತದೆ ಸಾರ್."