ಒಂದೇ ಹೆಸರು, ಬೇರೆ ತಳಿ

ಗಲ್ಫ್‌ನ ಫಹಾಹೀಲ್‌ನಲ್ಲಿ, ಕರಾವಳಿಯಿಂದ ದುಡಿಯಲು ಬಂದ ಊರಿನವರಿಗೆ ಏನೇ ತೊಂದರೆಯಾದರೂ ಮೊದಲು ನೆನಪಾಗುತ್ತಿದ್ದವನು ಗಡಿಯಾರದಂಗಡಿಯ ಅಶ್ಕರ್. ಅಲ್ಲಿ ಇರಲು ಬೇಕಾದ ಪರವಾನಗಿ ಇಕಾಮಾದ ನವೀಕರಣ ನಿಂತುಹೋದರೆ, ಕೆಲಸಕ್ಕಿಟ್ಟುಕೊಂಡ ಕಫೀಲ್ ಪಾಸ್‌ಪೋರ್ಟ್ ಕೊಡದೆ ಸತಾಯಿಸಿದರೆ ಅವನು ಯಾರಿಗೋ ಒಂದು ಫೋನ್ ಮಾಡುತ್ತಿದ್ದ, ಕೆಲಸ ಆಗುತ್ತಿತ್ತು. ಬ್ಯಾರಿಯೋ ತುಳುವನೋ ಎಂದು ನೋಡಿದವನಲ್ಲ.

ಮದುವೆಯಾಗಿ ಬಹಳ ವರ್ಷಗಳ ಮೇಲೆ ಅವನ ಹೆಂಡತಿ ಶಮೀಮಾ ಹೆಣ್ಣು ಮಗು ಹೆತ್ತಳು. ನಶ್ರಾ ಎಂದು ಹೆಸರಿಟ್ಟರು. ಆಸ್ಪತ್ರೆಯಿಂದ ಮನೆಗೆ ಬಂದ ವಾರದೊಳಗೆ ಮಗು ಹಾಲು ಬಿಟ್ಟಿತು, ಮೈ ಕೆಂಡವಾಯಿತು, ಫಿಟ್ಸ್ ಬಂತು. ಬೆನ್ನುಹುರಿಯ ನೀರು ತೆಗೆದು ಪರೀಕ್ಷಿಸಿದ ಡಾಕ್ಟರ್ ಒಂದು ಬ್ಯಾಕ್ಟೀರಿಯಾದ ಹೆಸರು ಹೇಳಿದರು. ಎಷ್ಟೋ ತಾಯಂದಿರ ಮೈಯಲ್ಲಿ ಅದು ತೆಪ್ಪಗಿರುತ್ತದಂತೆ, ಹೆರಿಗೆಯಲ್ಲಿ ಮಗುವಿಗೆ ದಾಟುತ್ತದಂತೆ.

ಆ ಹೆಸರು ಅಶ್ಕರ್‌ಗೆ ಹೊಸದಲ್ಲ. ಕೆಲವು ದಿನ ಮೊದಲು ಅದೇ ಹೆರಿಗೆ ವಾರ್ಡಿನಲ್ಲಿ ಹೆತ್ತ ಊರಿನ ನವ್ಯಶ್ರೀಯ ಮಗುವಿನ ಮೈಮೇಲೂ ಅದು ಸಿಕ್ಕಿತ್ತು. ಅವಳ ಗಂಡ ಶೈಲೇಶ್ ಗಾಬರಿಯಿಂದ ಇವನಿಗೇ ಫೋನ್ ಮಾಡಿದ್ದ. ಆ ಮಗುವಿಗೆ ಏನೂ ಆಗಲಿಲ್ಲ.

ಅಶ್ಕರ್ ಉಡುಪಿ ಕಡೆಯ ನರ್ಸ್ ಸಿಸಿಲಿಯಾಳನ್ನು ಹಿಡಿದು ಕೇಳಿದ. “ಅದೇ ರೋಗಾಣು ಅಲ್ವಾ ಸಿಸ್ಟರ್? ಆ ಮಗು ಹಾಲು ಕುಡಿದು ಆರಾಮಲ್ಲಿ ಮಲಗ್ತದೆ. ನನ್ನ ಮಗುವಿಗೆ ಮಾತ್ರ ಎಂತಕ್ಕೆ?”

“ಹೆಸರು ಒಂದೇ ಅಶ್ಕರ್ ಭಾಯ್, ತಳಿ ಬೇರೆ. ಕೆಲವು ಹೊರಗೇ ಇದ್ದುಬಿಡ್ತವೆ. ಕೆಲವಕ್ಕೆ ಅಂಟಿನ ಹಾಗಿನ ಒಂದು ಪ್ರೋಟೀನ್ ಉಂಟು. ಅದರಿಂದ ಜೀವಕೋಶವನ್ನು ಹಿಡ್ಕೊಂಡು ಒಳಗೆ ನುಗ್ತವೆ. ರಕ್ತಕ್ಕೆ, ಅಲ್ಲಿಂದ ಮಿದುಳಿಗೆ. ನಿಮ್ಮ ಮಗುವಿನದ್ದು ಅಂಥದ್ದೇ ಅಂತ ಡಾಕ್ಟರ್ ಹೇಳಿದ್ರು.”

“ಮೊದಲೇ ಗೊತ್ತಾಗ್ತಿರಲಿಲ್ವಾ?”

“ಮಾಮೂಲಿ ಪರೀಕ್ಷೆಯಲ್ಲಿ ಎರಡೂ ಒಂದೇ ಥರ ಕಾಣ್ತವೆ.”

“ನನಗೆ ದೊಡ್ಡವರ ಪರಿಚಯ ಉಂಟು. ಯಾರಿಗೆ ಹೇಳಿಸ್ಬೇಕು, ಹೇಳಿ.”

“ಹೇಳಿಸ್ಲಿಕ್ಕೆ ಎಂತದೂ ಇಲ್ಲ ಮಾರಾಯ್ರೆ. ಕೊಡುವ ಮದ್ದು ಕೊಡ್ತಾ ಇದ್ದಾರೆ.”

ಅವನು ಮೊಬೈಲ್ ತೆಗೆದು ಹೆಸರುಗಳನ್ನು ಮೇಲಿಂದ ಕೆಳಗೆ ಸರಿಸಿದ. ಒಂದಕ್ಕೂ ಬೆರಳು ಒತ್ತಲಿಲ್ಲ. ಬೆಂಚಿನಲ್ಲಿ ಕೂತಿದ್ದ ಶಮೀಮಾ ತಲೆ ಎತ್ತದೆ ಕೇಳಿದಳು, “ನನ್ನ ಮೈಯಿಂದಲೇ ಹೋದದ್ದಲ್ವಾ?”

“ಹಾಗೇನಿಲ್ಲ,” ಎಂದ. ಅವಳು ನಂಬಲಿಲ್ಲ.

ಮದ್ದಿಗೆ ರೋಗಾಣು ಸತ್ತಿತು. ನಶ್ರಾ ಬದುಕಿ ಮನೆಗೆ ಬಂದಳು. ಕಿವಿ ಕೇಳುತ್ತದೋ, ಕೈಕಾಲು ಸರಿಯಾಗಿ ಆಡುತ್ತವೋ ಎಂಬುದನ್ನು ಕಾದು ನೋಡಬೇಕು ಎಂದಿದ್ದರು ಡಾಕ್ಟರ್. ತಿಂಗಳುಗಳು ಕಳೆದರೂ ಬಾಗಿಲು ಬಡಿದುಕೊಂಡಾಗ ಅವಳು ಬೆಚ್ಚಲಿಲ್ಲ. ಅಶ್ಕರ್ ಅಂಗಡಿ ಮುಚ್ಚಿ ಬಂದವನು ಷೂ ಕೂಡ ಬಿಚ್ಚದೆ ತೊಟ್ಟಿಲ ಬಳಿ ಕೂತು ಹೆಸರು ಹಿಡಿದು ಕರೆಯುತ್ತಿದ್ದ. ಮಗು ಫ್ಯಾನನ್ನೇ ನೋಡುತ್ತಿತ್ತು.

“ಸಾಕು ಮಾಡಿ, ಊಟಕ್ಕೆ ಬನ್ನಿ,” ಎನ್ನುತ್ತಿದ್ದಳು ಶಮೀಮಾ. ಅವನು ಇನ್ನೊಮ್ಮೆ ಕರೆಯುತ್ತಿದ್ದ.